ರೇಂಜ್ ಹೋದ ಮೇಲೂ ಕೈಹಿಡಿಯುವ ಆ್ಯಪ್‌ಗಳು

(ಬೇಸಗೆ ರಜೆಗೆ ಮುನ್ನ ಕಾಸರಗೋಡಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಕಾಞಂಗಾಡಿನಿಂದ ಪಾಣತ್ತೂರು, ಕರಿಕೆ ದಾಟಿ ಭಾಗಮಂಡಲಕ್ಕೆ ಹೋಗುವ ದಾರಿ ನಮ್ಮ ಕಡೆಯವರಿಗೆ ಹೊಸತಲ್ಲ. ಕಾಡು ದಟ್ಟವಾಗುತ್ತಿದ್ದಂತೆ ಫೋನಿನ ಮೇಲ್ಮೂಲೆಯ ಗೆರೆಗಳು ಒಂದೊಂದೇ ಇಳಿಯುತ್ತವೆ. ಮ್ಯಾಪಿನಲ್ಲಿ ನೀಲಿ ಚುಕ್ಕೆಯೊಂದು ಉಳಿಯುತ್ತದೆ. ಅದರ ಸುತ್ತ ಊರಿಲ್ಲ, ದಾರಿಯಿಲ್ಲ, ಬರೀ ಬೂದು ಬಣ್ಣ. ರೂಮಿನ ವಿಳಾಸ ಇಮೇಲಿನಲ್ಲಿ ಉಂಟು, ಆದರೆ ಇಮೇಲ್ ತೆರೆಯುವುದಿಲ್ಲ. ಚಹಾ ಕುಡಿದು ಹಣ ಕೊಡಲು ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಪ್ರವಾಸಕ್ಕೆ ಆ್ಯಪ್ ಆರಿಸುವಾಗ ಇಂಥ ಜಾಗವನ್ನು ಕಣ್ಣಮುಂದೆ ಇಟ್ಟುಕೊಂಡು ಆರಿಸಬೇಕು ಎಂಬುದೇ ಇವತ್ತು ಹೇಳಲಿಕ್ಕಿರುವ ಮುಖ್ಯ ಮಾತು. ಮನೆಯ ವೈಫೈಯಲ್ಲಿ ಎಲ್ಲ ಆ್ಯಪ್‌ಗಳೂ ಚೆಂದವೇ.

ಪರೀಕ್ಷೆ ಸುಲಭ. ಹೊರಡುವ ಎರಡು ದಿನ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈಯನ್ನೂ ಆಫ್ ಮಾಡಿ. ಈಗ ಪ್ರವಾಸಕ್ಕೆಂದು ಹಾಕಿಕೊಂಡ ಆ್ಯಪ್‌ಗಳನ್ನು ಒಂದೊಂದಾಗಿ ತೆರೆಯಿರಿ. ಟಿಕೇಟು ಕಾಣುತ್ತದೆಯೇ? ಮ್ಯಾಪ್ ಹಿಗ್ಗಿಸಿದರೆ ಸಣ್ಣ ದಾರಿಗಳು ಮೂಡುತ್ತವೆಯೇ? ರೂಮಿನ ಫೋನ್ ನಂಬರ್ ಸಿಗುತ್ತದೆಯೇ? ಯಾವುದು ತೆರೆಯುವುದಿಲ್ಲವೋ ಅದರಲ್ಲಿರುವ ಮಾಹಿತಿಯನ್ನು ಬೇರೆ ಕಡೆ ಇಳಿಸಿಕೊಳ್ಳಬೇಕು. ಈ ಹತ್ತು ನಿಮಿಷದ ಕೆಲಸ ಮಾಡಿದವರಿಗೆ ದಾರಿಯಲ್ಲಿ ಬರುವ ತೊಂದರೆಗಳಲ್ಲಿ ಅರ್ಧದಷ್ಟು ಬರುವುದೇ ಇಲ್ಲ.

ಇನ್ನು ಎಷ್ಟು ಆ್ಯಪ್ ಬೇಕು? ಎಂಟು ಹತ್ತು ಇದ್ದರೆ ಧಾರಾಳ. ಪ್ಲೇ ಸ್ಟೋರಿನಲ್ಲಿ ಹುಡುಕಿದಾಗ ಒಂದೇ ಹೆಸರಿನ, ಒಂದೇ ಬಣ್ಣದ ಹಲವು ಆ್ಯಪ್‌ಗಳು ಬರುತ್ತವೆ. ಮೊದಲು ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ತಯಾರಕರ ಹೆಸರು ಓದಿ. ರೈಲಿನ ಟಿಕೇಟು ಮಾಡುವ ಆ್ಯಪಿನ ಕೆಳಗೆ ರೈಲ್ವೆಯ ಸಂಸ್ಥೆಯ ಹೆಸರೇ ಇರಬೇಕು. ಆಮೇಲೆ ಕೊನೆಯ ಸಲ ಯಾವಾಗ ಅಪ್‌ಡೇಟ್ ಆಗಿದೆ ಎಂದು ನೋಡಿ. ಎರಡು ವರ್ಷದಿಂದ ಮುಟ್ಟದೆ ಬಿಟ್ಟ ಆ್ಯಪಿನಲ್ಲಿ ಬಸ್ಸಿನ ಸಮಯ ನಂಬುವುದು ಬೇಡ. ವಿಮರ್ಶೆಗಳನ್ನು ಹೊಸತು ಮೊದಲು ಬರುವಂತೆ ಜೋಡಿಸಿ ಓದಿ, ಒಟ್ಟು ನಕ್ಷತ್ರಗಳ ಲೆಕ್ಕದಲ್ಲಿ ಹಳೆಯ ಹೊಗಳಿಕೆಯೂ ಸೇರಿರುತ್ತದೆ. ಹವಾಮಾನ ಹೇಳುವ ಆ್ಯಪಿಗೆ ನಿಮ್ಮ ಫೋನಿನ ಸಂಪರ್ಕ ಪಟ್ಟಿ ಯಾಕೆ ಬೇಕು? ಕೇಳಿದರೆ ಕೊಡಬೇಡಿ. ಲೊಕೇಶನ್ ಕೇಳಿದಾಗ ‘ಆ್ಯಪ್ ಬಳಸುವಾಗ ಮಾತ್ರ’ ಎಂಬುದನ್ನು ಒತ್ತಿದರೆ ಬ್ಯಾಟರಿಯೂ ಉಳಿಯುತ್ತದೆ.

ರೈಲಿನ ವಿಷಯಕ್ಕೆ ಬರುವಾ. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ನಮ್ಮ ಜಿಲ್ಲೆಯ ಉದ್ದಕ್ಕೂ ರೈಲು ಉಂಟು, ರಜೆಯ ಪ್ರವಾಸ ಹಾಳಾಗುವುದೂ ಬಹಳ ಸಲ ಅಲ್ಲಿಂದಲೇ.

ಮೊದಲು ಕಾಯ್ದಿರಿಸಿದ ಟಿಕೇಟಿಗೆ ಒಂದು, ಸಾಮಾನ್ಯ ಟಿಕೇಟಿಗೆ ಇನ್ನೊಂದು ಆ್ಯಪ್ ಬೇಕಿತ್ತು. 2025ರ ಜುಲೈ 1ರಂದು ಬಂದ ರೈಲ್‌ಒನ್ ಆ್ಯಪಿನಲ್ಲಿ ಎರಡೂ ಆಗುತ್ತದೆ, ಪ್ಲಾಟ್‌ಫಾರ್ಮ್ ಟಿಕೇಟೂ ಸಿಗುತ್ತದೆ. ರೈಲ್ವೆಯ ಟಿಕೇಟು ಸಂಸ್ಥೆಯಾದ ಐಆರ್‌ಸಿಟಿಸಿಯ ಹಳೆಯ ಖಾತೆಯಿಂದಲೇ ಒಳಹೋಗಬಹುದು. ಮುಂಗಡ ಬುಕಿಂಗಿನ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಲೆಕ್ಕ ಹಾಕುವಾಗ ಹೊರಡುವ ದಿನವನ್ನು ಸೇರಿಸಬಾರದು. ಮೇ 1ಕ್ಕೆ ಹೊರಡುವವರಿಗೆ ಮಾರ್ಚ್ 2ರ ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ಆಧಾರ್ ದೃಢೀಕರಿಸಿದ ಖಾತೆಗಳಿಗೇ ಮೊದಲ ಅವಕಾಶ. ತತ್ಕಾಲಿಗೂ ಆಧಾರ್ ಬೇಕೇಬೇಕು. ತತ್ಕಾಲ್ ತೆರೆಯುವುದು ಹಿಂದಿನ ದಿನ, ಎಸಿಗೆ 10 ಗಂಟೆಗೆ, ಸ್ಲೀಪರಿಗೆ 11 ಗಂಟೆಗೆ. ಆಧಾರ್ ಜೋಡಿಸುವ ಕೆಲಸವನ್ನು ಬುಕಿಂಗ್ ದಿನಕ್ಕೆ ಇಟ್ಟುಕೊಂಡರೆ ಒಟಿಪಿಗೆ ಕಾಯುತ್ತಿರುವಾಗಲೇ ಬರ್ತುಗಳು ಮುಗಿದಿರುತ್ತವೆ. ವಾರಕ್ಕೆ ಮೊದಲೇ ಅದನ್ನು ಮುಗಿಸಿ, ಮನೆಯವರೆಲ್ಲರ ಹೆಸರು, ಪ್ರಾಯ, ಬರ್ತಿನ ಇಷ್ಟವನ್ನು ಆ್ಯಪಿನ ಮಾಸ್ಟರ್ ಲಿಸ್ಟಿನಲ್ಲಿ ತುಂಬಿಸಿಡಿ. ಆಗ ಆ ದಿನ ಹೆಸರಿನ ಮುಂದೆ ಗುರುತು ಹಾಕಿದರೆ ಸಾಕು.

ಪ್ರಾಯವಾದವರನ್ನು ಕರೆದುಕೊಂಡು ಹೋಗುವವರು ಗಮನಿಸಬೇಕಾದ ಒಂದು ಸೂಕ್ಷ್ಮ ಉಂಟು. ಕೆಳಗಿನ ಬರ್ತಿನ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಆದರೆ ಅದು ಒಂಟಿಯಾಗಿ ಅಥವಾ ಇಬ್ಬರು ಮಾತ್ರ ಇರುವ ಟಿಕೇಟಿಗೆ. ಅಜ್ಜ ಅಜ್ಜಿಯನ್ನು ಮಕ್ಕಳು ಮೊಮ್ಮಕ್ಕಳ ಜೊತೆ ಆರು ಮಂದಿಯ ಒಂದೇ ಟಿಕೇಟಿನಲ್ಲಿ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ, ಸಿಕ್ಕಿದ ಬರ್ತು ತೆಗೆದುಕೊಳ್ಳಬೇಕು. ಅವರಿಬ್ಬರಿಗೆ ಬೇರೆ ಟಿಕೇಟು ಮಾಡಿ. ದೂರದ ಬೋಗಿ ಬಂದೀತೆಂಬ ಭಯ ಇದ್ದೇ ಇರುತ್ತದೆ, ಆದರೂ ಮಂಡಿನೋವಿನವರು ಮೇಲೆ ಹತ್ತುವುದಕ್ಕಿಂತ ಅದು ವಾಸಿ.

ವೇಟಿಂಗ್ ಲಿಸ್ಟಿನ ಅಕ್ಷರಗಳನ್ನು ಓದಲು ಕಲಿಯಬೇಕು. ಜಿಎನ್‌ಡಬ್ಲ್ಯುಎಲ್ ಅಂದರೆ ರೈಲು ಹೊರಡುವ ಊರಿನ ಅಥವಾ ಅದರ ಆಸುಪಾಸಿನ ಪಟ್ಟಿ, ಅದು ಕನ್ಫರ್ಮ್ ಆಗುವ ಸಂಭವ ಹೆಚ್ಚು. ಕಾಸರಗೋಡಿನಂಥ ನಡುವಿನ ನಿಲ್ದಾಣಗಳಿಗೆ ಸಿಗುವುದು ಹೆಚ್ಚಾಗಿ ಆರ್‌ಎಲ್‌ಡಬ್ಲ್ಯುಎಲ್ ಅಥವಾ ಪಿಕ್ಯುಡಬ್ಲ್ಯುಎಲ್. ಇವುಗಳ ಕೋಟಾ ಚಿಕ್ಕದು, ಹಾಗಾಗಿ 10ನೇ ನಂಬರ್ ಕೂಡ ಕೆಲವು ಸಲ ಅಲ್ಲೇ ಉಳಿಯುತ್ತದೆ. ಉಪಾಯವೇನೆಂದರೆ, ಉತ್ತರಕ್ಕೆ ಹೋಗುವ ರೈಲಾದರೆ ಅದೇ ರೈಲಿಗೆ ಕಣ್ಣೂರು ಅಥವಾ ಕೋಝಿಕ್ಕೋಡಿನಿಂದ ಬರ್ತು ಉಂಟೇ ಎಂದು ನೋಡುವುದು. ಇದ್ದರೆ ಅಲ್ಲಿಂದ ಟಿಕೇಟು ತೆಗೆದು, ಬುಕ್ ಮಾಡುವಾಗಲೇ ಹತ್ತುವ ನಿಲ್ದಾಣವನ್ನು ಕಾಸರಗೋಡು ಎಂದು ಆರಿಸಬೇಕು. ಹಣ ಸ್ವಲ್ಪ ಹೆಚ್ಚು ಬೀಳುತ್ತದೆ. ಹತ್ತುವ ನಿಲ್ದಾಣ ಬದಲಿಸದೆ ಬಿಟ್ಟರೆ ಟಿಕೇಟು ನೋಡುವ ಟಿಟಿಇ ಕಣ್ಣೂರಿನಲ್ಲಿ ಬಾರದವರೆಂದು ಬರೆದು ಬರ್ತನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ಚಾರ್ಟ್, ಅಂದರೆ ಬರ್ತು ಹಂಚಿದ ಕೊನೆಯ ಪಟ್ಟಿ, ಆದ ಮೇಲೂ ಪೂರ್ತಿ ವೇಟಿಂಗಿನಲ್ಲೇ ಉಳಿದ ಇ-ಟಿಕೇಟು ತಾನಾಗಿ ರದ್ದಾಗಿ ಹಣ ವಾಪಸ್ ಬರುತ್ತದೆ. ಅದನ್ನು ಹಿಡಿದು ಸ್ಲೀಪರ್ ಹತ್ತುವ ಹಾಗಿಲ್ಲ. ಕನ್ಫರ್ಮ್ ಆದ ತತ್ಕಾಲ್ ರದ್ದು ಮಾಡಿದರೆ ಒಂದು ಪೈಸೆಯೂ ಬರುವುದಿಲ್ಲ.

ನಮ್ಮ ಕಡೆಯವರು ಮತ್ತೆ ಮತ್ತೆ ಎಡವುವುದು ಮಂಗಳೂರಿನ ಎರಡು ನಿಲ್ದಾಣಗಳಲ್ಲಿ. ಆ್ಯಪಿನಲ್ಲಿ ‘ಮಂಗಳೂರು’ ಎಂದು ಟೈಪ್ ಮಾಡಿದರೆ ಸೆಂಟ್ರಲ್, ಜಂಕ್ಷನ್ ಎರಡೂ ಬರುತ್ತವೆ. ಮೊದಲನೆಯದರ ಕೋಡ್ ಎಂಎಕ್ಯೂ, ಎರಡನೆಯದ್ದು ಎಂಎಜೆಎನ್. ಕೇರಳದಿಂದ ಮುಂಬೈ, ಗೋವಾ ಕಡೆಗೆ ಹೋಗುವ ಹಲವು ರೈಲುಗಳು ಸೆಂಟ್ರಲಿಗೆ ಬರುವುದೇ ಇಲ್ಲ, ಜಂಕ್ಷನ್ ಮೂಲಕ ದಾಟುತ್ತವೆ. ಬದಲಿ ರೈಲು ಹಿಡಿಯುವವರು ಒಂದರಲ್ಲಿ ಇಳಿದು ಇನ್ನೊಂದಕ್ಕೆ ಆಟೋದಲ್ಲಿ ಓಡುವ ಸ್ಥಿತಿ ಬರಬಾರದೆಂದರೆ ಊರಿನ ಹೆಸರಿಗಿಂತ ಕೋಡನ್ನೇ ನೋಡಿ. ನಮ್ಮ ಕಾಸರಗೋಡಿನ ಕೋಡ್ ಕೆಜಿಕ್ಯೂ.

ಸಾಮಾನ್ಯ ಟಿಕೇಟಿನ ನಿಯಮ ಬೇರೆ. ಕಾಯ್ದಿರಿಸಿದ ಟಿಕೇಟಾದರೆ ಫೋನಿಗೆ ಬಂದ ಎಸ್‌ಎಂಎಸ್ ಮತ್ತು ಅಸಲಿ ಗುರುತಿನ ಚೀಟಿ ತೋರಿಸಿದರೆ ನಡೆಯುತ್ತದೆ. ಆ್ಯಪಿನಲ್ಲಿ ತೆಗೆದ ಕಾಗದರಹಿತ ಸಾಮಾನ್ಯ ಟಿಕೇಟನ್ನು ಆ್ಯಪಿನೊಳಗೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಫೋನ್ ಸತ್ತರೆ ಟಿಕೇಟಿಲ್ಲದವರ ಲೆಕ್ಕ. ಅದನ್ನು ರದ್ದು ಮಾಡಲೂ ಆಗದು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ತೆಗೆಯಲು ಹೋದರೆ ಆ್ಯಪ್ ಬಿಡುವುದಿಲ್ಲ, ನಿಲ್ದಾಣದ ಆವರಣಕ್ಕೆ ಕಾಲಿಡುವ ಮುನ್ನವೇ ತೆಗೆದಿಡಬೇಕು. ಕಾಯ್ದಿರಿಸಿದ ಟಿಕೇಟು ಬುಕ್ ಮಾಡುವಾಗ 45 ಪೈಸೆಯ ವಿಮೆಗೆ ಗುರುತು ಹಾಕಿ. ಹಾಕಿದವರಲ್ಲಿ ಹಲವರು ಆಮೇಲೆ ಬರುವ ಲಿಂಕಿನಲ್ಲಿ ನಾಮಿನಿಯ ಹೆಸರು ತುಂಬುವುದೇ ಇಲ್ಲ. ಎರಡು ನಿಮಿಷದ ಕೆಲಸ, ಬಿಡಬೇಡಿ.

ರೈಲು ಎಲ್ಲಿದೆ ಎಂದು ತಿಳಿಯಲು ‘ವೇರ್ ಈಸ್ ಮೈ ಟ್ರೇನ್’ ನನ್ನ ಮಟ್ಟಿಗೆ ಎಲ್ಲರ ಫೋನಿನಲ್ಲಿ ಇರಬೇಕಾದ ಆ್ಯಪ್. ಅದು ರೈಲಿನೊಳಗೆ ಇಂಟರ್ನೆಟ್ ಇಲ್ಲದೆಯೂ, ಜಿಪಿಎಸ್ ಇಲ್ಲದೆಯೂ ಮೊಬೈಲ್ ಟವರುಗಳನ್ನು ನೋಡಿ ಜಾಗ ಗುರುತಿಸುತ್ತದೆ. ವೇಳಾಪಟ್ಟಿಯೂ ಫೋನಿನಲ್ಲೇ ಇರುತ್ತದೆ. ಟವರ್ ವಿಧಾನ ಆರಿಸಿದಾಗ ನೀವು ಆ ರೈಲಿನೊಳಗೇ ಇರಬೇಕು, ಮನೆಯಲ್ಲಿ ಕೂತು ಅದನ್ನು ಒತ್ತಿ ‘ತಪ್ಪು ತೋರಿಸುತ್ತದೆ’ ಎಂದು ದೂರುವವರೇ ಹೆಚ್ಚು. ರತ್ನಾಗಿರಿಯ ಬಳಿ ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗದಲ್ಲಿ ಚುಕ್ಕೆ ಸ್ವಲ್ಪ ಹೊತ್ತು ನಿಂತರೆ ಗಾಬರಿ ಬೇಡ. ಇಳಿಯುವ ನಿಲ್ದಾಣಕ್ಕೆ ಅಲಾರಂ ಇಡುವ ಸೌಕರ್ಯವೂ ಉಂಟು, ರಾತ್ರಿ ರೈಲಿಗೆ ಬಹಳ ಉಪಯೋಗ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ. ವೇಗ ಕಡಿಮೆ, ಹೊರಡುವ ಸಮಯವೂ ಬದಲು. ಮೇಯಲ್ಲಿ ನೋಡಿದ ಸಮಯವನ್ನು ಜುಲೈಗೆ ನಂಬಿ ಹೋಗಬೇಡಿ.

ಬಸ್ಸಿಗೆ ಬಂದರೆ, ನಮಗೆ ಎರಡು ಕೆಎಸ್‌ಆರ್‌ಟಿಸಿ. ಕೇರಳದ ಬಸ್ಸಿಗೆ ‘ಎಂಡೆ ಕೆಎಸ್‌ಆರ್‌ಟಿಸಿ’, ಕರ್ನಾಟಕದ ಬಸ್ಸಿಗೆ ‘ಅವತಾರ್’. ಬೆಂಗಳೂರಿಗೆ ಒಂದರಲ್ಲಿ ಸೀಟಿಲ್ಲವೆಂದರೆ ಇನ್ನೊಂದರಲ್ಲಿ ನೋಡದೆ ಬಿಡಬಾರದು. ಹತ್ತುವ ಜಾಗದ ಪಟ್ಟಿಯಲ್ಲಿ ಬರೆದ ಸಮಯ ಆ ಸ್ಟಾಪಿನದ್ದೋ, ಬಸ್ಸು ಹೊರಡುವ ಊರಿನದ್ದೋ ಎಂದು ಎರಡು ಸಲ ಓದಿ. ಓಣಂ ರಜೆ ನಮಗಿದ್ದಾಗ ಕರ್ನಾಟಕದ ಶಾಲೆಗಳಿಗೆ ರಜೆ ಇರುವುದಿಲ್ಲ. ದಸರೆಗೆ ಅಲ್ಲಿ ರಜೆ. ಮೈಸೂರು, ಹಂಪಿ ಕಡೆ ಹೋಗುವವರು ಓಣಂ ರಜೆಯ ವಾರದ ನಡುವಿನ ದಿನಗಳನ್ನು ಆರಿಸಿದರೆ ಸೀಟೂ ರೂಮೂ ಸಲೀಸು. ಹಂಪಿಯ ಟಿಕೇಟು ಆನ್‌ಲೈನಿನಲ್ಲಿ 35 ರೂಪಾಯಿ, ಕೌಂಟರಿನಲ್ಲಿ 40. ವಿಠ್ಠಲ ದೇವಾಲಯಕ್ಕೆ ತೆಗೆದ ಅದೇ ಟಿಕೇಟು ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಎಸೆಯಬೇಡಿ.

ಈಗ ಮ್ಯಾಪ್. ಗೂಗಲ್ ಮ್ಯಾಪ್ಸಿನಲ್ಲಿ ಮೇಲೆ ಬಲಗಡೆ ನಿಮ್ಮ ಚಿತ್ರದ ವೃತ್ತ ಒತ್ತಿ, ‘ಆಫ್‌ಲೈನ್ ನಕ್ಷೆಗಳು’ ಎಂಬಲ್ಲಿಗೆ ಹೋಗಿ, ನಿಮಗೆ ಬೇಕಾದ ನಕ್ಷೆ ಆರಿಸುವ ಸಾಲನ್ನು ಒತ್ತಿ. ನೀಲಿ ಚೌಕಟ್ಟೊಂದು ಮೂಡುತ್ತದೆ. ಎರಡು ಬೆರಳಿನಲ್ಲಿ ಹಿಗ್ಗಿಸಿ ಕುಗ್ಗಿಸಿದಂತೆ ಎಷ್ಟು ಎಂಬಿ ಆಗುತ್ತದೆಂದು ಅಲ್ಲೇ ಕಾಣುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಕೊಡಗಿಗೆ ಹೋಗುವುದಲ್ಲವೇ ಎಂದು ಚೌಕಟ್ಟಿನೊಳಗೆ ಕೊಡಗನ್ನು ಮಾತ್ರ ಕೂರಿಸುತ್ತಾರೆ. ಇಂಟರ್ನೆಟ್ ಇಲ್ಲದಾಗ ದಾರಿ ಹೇಳಬೇಕಾದರೆ ಹೊರಟ ಜಾಗದಿಂದ ಸೇರುವ ಜಾಗದವರೆಗಿನ ದಾರಿ ಪೂರ್ತಿ ಇಳಿಸಿಕೊಂಡ ನಕ್ಷೆಯೊಳಗೆ ಇರಬೇಕು. ಆದ್ದರಿಂದ ಚೆರ್ಕಳ, ಮುಳ್ಳೇರಿಯಾ, ಜಾಲ್ಸೂರು, ಸುಳ್ಯ, ಸಂಪಾಜೆ ಎಲ್ಲವೂ ಒಳಬರುವಂತೆ ಚೌಕಟ್ಟು ಹಿಡಿಯಿರಿ. ಮಳೆಗೆ ಸಂಪಾಜೆ ಘಾಟಿ ಮುಚ್ಚಿದರೆ ಬೇರೆ ದಾರಿ ಬೇಕಲ್ಲ, ಹಾಗಾಗಿ ಪಾಣತ್ತೂರು ಕಡೆಯೂ ಸೇರಲಿ. ಇಳಿಸಿದ ನಕ್ಷೆಗೆ ಅವಧಿ ಉಂಟು, ವೈಫೈ ಸಿಕ್ಕಿದಾಗ ತಾನೇ ಹೊಸದಾಗುತ್ತದೆ. ಮನೆಯಲ್ಲಿ ವೈಫೈ ಇಲ್ಲದವರು ಸೆಟ್ಟಿಂಗಿನಲ್ಲಿ ಮೊಬೈಲ್ ಡೇಟಾಕ್ಕೂ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಡೌನ್‌ಲೋಡ್ ಕಾಯುತ್ತಲೇ ಕೂರುತ್ತದೆ.

ನೀಲಿ ಚುಕ್ಕೆ ರೇಂಜ್ ಇಲ್ಲದೆಯೂ ಸರಿಯಾದ ಜಾಗದಲ್ಲೇ ಇರುತ್ತದೆ, ಯಾಕೆಂದರೆ ಜಿಪಿಎಸ್ ಬರುವುದು ಉಪಗ್ರಹದಿಂದ. ಆದರೆ ಆಫ್‌ಲೈನಿನಲ್ಲಿ ಕಾರಿನ ದಾರಿ ಮಾತ್ರ ಸಿಗುತ್ತದೆ. ನಡಿಗೆಯ ದಾರಿ, ಬಸ್ಸಿನ ದಾರಿ, ಟ್ರಾಫಿಕ್ ಸಿಗುವುದಿಲ್ಲ. ಗುಡ್ಡ ಹತ್ತುವ ಕಾಲುದಾರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಒಳ್ಳೆಯದು. ಅದು ಪೂರ್ತಿ ಆಫ್‌ಲೈನಿಗಾಗಿಯೇ ಮಾಡಿದ್ದು, ಜಾಹೀರಾತಿಲ್ಲ. ಕರ್ನಾಟಕದ ಚಾರಣಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಮೊದಲೇ ಟಿಕೇಟು ಮಾಡಬೇಕು. ನಕ್ಷೆಯಲ್ಲಿ ದಾರಿ ಕಂಡಿತೆಂದರೆ ಅನುಮತಿ ಸಿಕ್ಕಿತೆಂದು ಅರ್ಥವಲ್ಲ.

ಮ್ಯಾಪ್ ಹೇಳದ ಇನ್ನೂ ಕೆಲವು ವಿಷಯಗಳುಂಟು. ನಾವು ಊಟಿಗೆ ಹೋಗುವ ದಾರಿಯನ್ನೇ ನೋಡಿ. ಮೈಸೂರು, ಗುಂಡ್ಲುಪೇಟೆ ಮೂಲಕ ಹೋದರೆ ಬಂಡೀಪುರದ ಕಾಡು. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ. ಸಂಜೆ ಹೊರಡುವಾಗ ಮ್ಯಾಪ್ ತೋರಿಸಿದ ಸಮಯವನ್ನು ನಂಬಿ, ಊಟಕ್ಕೆ ಒಂದು ಗಂಟೆ ನಿಂತು, 9.10ಕ್ಕೆ ಗೇಟಿಗೆ ಬಂದರೆ ಮಕ್ಕಳನ್ನು ಇಟ್ಟುಕೊಂಡು ಗುಂಡ್ಲುಪೇಟೆಗೆ ಹಿಂದೆ ಬಂದು ರೂಮು ಹುಡುಕಬೇಕು. ಗೇಟಿಗೆ ತಲಪುವ ಸಮಯ 8 ಎಂದು ಇಟ್ಟುಕೊಂಡು ಲೆಕ್ಕ ಹಾಕಿ. ಇನ್ನು, 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲಿಗೂ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟಿನ ಆದೇಶ ಅದು. 2025ರ ಏಪ್ರಿಲಿನಿಂದ ನೀಲಗಿರಿಗೆ ವಾರದ ದಿನ 6000, ವಾರಾಂತ್ಯ 8000 ವಾಹನಗಳೆಂಬ ಮಿತಿಯನ್ನೂ ಹಾಕಿದರು. ಪಾಸಿಗೆ ಹಣವಿಲ್ಲ, ತಮಿಳುನಾಡು ಸರಕಾರದ ವೆಬ್‌ಸೈಟಿನಲ್ಲಿ ವಾಹನದ ನಂಬರ್, ಹೋಗುವ ಬರುವ ದಿನ, ಉಳಿಯುವ ಜಾಗ ತುಂಬಿಸಿದರೆ ಬರುತ್ತದೆ. ಹಣ ಕೇಳುವ ಪುಟ ಕಂಡರೆ ಅದು ನಕಲಿ. ಬಂದ ಪಾಸನ್ನು ಗ್ಯಾಲರಿಯಲ್ಲಿ ಉಳಿಸಿ, ಚೆಕ್‌ಪೋಸ್ಟಿನಲ್ಲಿ ರೇಂಜ್ ಹುಡುಕುತ್ತಾ ನಿಲ್ಲಬಾರದು. ಊಟಿಯಿಂದ ವಾಪಸ್ ಬರುವಾಗ ಮ್ಯಾಪ್ ಕಲ್ಲಟ್ಟಿ ಇಳಿಜಾರಿನ ಹತ್ತಿರದ ದಾರಿ ತೋರಿಸೀತು. 36 ತಿರುವುಗಳ ಆ ದಾರಿಯಲ್ಲಿ ಹೊರಗಿನ ವಾಹನಗಳನ್ನು ಕೆಳಗಿಳಿಯಲು ಬಿಡುವುದಿಲ್ಲ, ಬ್ರೇಕ್ ಬಿಸಿಯಾಗಿ ಹಿಡಿಯದೆ ಅಪಘಾತಗಳಾದದ್ದೇ ಕಾರಣ. ಗುಡಲೂರು ದಾರಿಯಲ್ಲಿ ಬನ್ನಿ.

ಟೋಲಿಗೆ ರಾಜಮಾರ್ಗಯಾತ್ರಾ ಆ್ಯಪ್. ಖಾಸಗಿ ಕಾರುಗಳಿಗೆ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಿಂದ ಸಿಗುತ್ತಿದೆ, ಶುರುವಿನಲ್ಲಿ ಅದರ ಬೆಲೆ 3000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ದಾಟುವಿಕೆ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಯ ಟೋಲುಗಳಿಗೆ ಮಾತ್ರ ಇದು ಅನ್ವಯ, ರಾಜ್ಯದ ಟೋಲಿಗೆ ಫಾಸ್ಟ್ಯಾಗಿನ ಬಾಕಿಯಿಂದಲೇ ಹೋಗುತ್ತದೆ. ತಲಪಾಡಿ ದಾಟಿ ವಾರಕ್ಕೊಮ್ಮೆಯಾದರೂ ಮಂಗಳೂರಿಗೆ ಹೋಗುವವರು ಲೆಕ್ಕ ಹಾಕಿ ನೋಡಬಹುದು.

ಹವಾಮಾನಕ್ಕೆ ಹವಾಮಾನ ಇಲಾಖೆಯ ‘ಮೌಸಮ್’, ಸಿಡಿಲಿಗೆ ‘ದಾಮಿನಿ’. ಮೌಸಮಿನಲ್ಲಿ ಜಿಲ್ಲೆಗೆ ಕೊಟ್ಟ ಎಚ್ಚರಿಕೆಯ ಬಣ್ಣ ನೋಡುವುದು ಅಭ್ಯಾಸವಾಗಲಿ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ಹೋಗುವ ಊರಿನದ್ದಷ್ಟೇ ನೋಡಿದರೆ ಸಾಲದು, ಘಾಟಿ ಇರುವ ಜಿಲ್ಲೆಯದ್ದನ್ನೂ ನೋಡಬೇಕು. ಮಡಿಕೇರಿಯಲ್ಲಿ ಬಿಸಿಲಿದ್ದರೂ ಸಂಪಾಜೆಯಲ್ಲಿ ಮಣ್ಣು ಜಾರಬಹುದು. ದಾಮಿನಿ ನೀವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ದೂರದೊಳಗೆ ಬಿದ್ದ ಸಿಡಿಲನ್ನು ತೋರಿಸುತ್ತದೆ. ಏಪ್ರಿಲ್ ಮೇಯಲ್ಲಿ ಸಂಜೆ ಬಯಲಲ್ಲಿ, ಕಡಲ ಬದಿಯಲ್ಲಿ ಇರುವವರಿಗೆ ಇದು ಜೀವ ಉಳಿಸುವ ಆ್ಯಪ್.

ರೂಮಿನ ಬಗ್ಗೆ ಚುಟುಕಾಗಿ. ಎರಡು ಮೂರು ಆ್ಯಪಿನಲ್ಲಿ ಬೆಲೆ ಹೋಲಿಸಿ, ಕೊನೆಯ ಪರದೆಯ ಒಟ್ಟು ಮೊತ್ತವನ್ನೇ ಹೋಲಿಸಿ, ಮೊದಲ ಪರದೆಯದ್ದು ತೆರಿಗೆ ಸೇರದ ಬೆಲೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಉಚಿತ ರದ್ದತಿ ಎಂದಿದ್ದರೆ ಯಾವ ದಿನ, ಎಷ್ಟು ಗಂಟೆಯವರೆಗೆ ಎಂದು ಓದಿ ಕ್ಯಾಲೆಂಡರಿನಲ್ಲಿ ಅಲಾರಂ ಇಡಿ. ಬುಕ್ ಮಾಡಿದ ಮೇಲೆ ರೂಮಿನವರಿಗೆ ಒಂದು ಫೋನ್ ಮಾಡಿ, ಬುಕಿಂಗ್ ಅವರಿಗೆ ತಲಪಿದೆಯೇ ಎಂದು ಕೇಳಿಕೊಳ್ಳಿ. ಮ್ಯಾಪಿನಲ್ಲಿರುವ ನಂಬರನ್ನು ಕಣ್ಣುಮುಚ್ಚಿ ನಂಬಬೇಡಿ, ಅದಕ್ಕೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ವಂಚಕರು ಹೋಟೆಲಿನ ಹೆಸರಿಗೆ ತಮ್ಮ ನಂಬರ್ ಅಂಟಿಸಿ ಮುಂಗಡ ಕೇಳುವುದುಂಟು. ರಿಫಂಡ್ ಕೊಡುತ್ತೇವೆಂದು ಕರೆ ಮಾಡಿ ಪರದೆ ಹಂಚುವ ಆ್ಯಪ್ ಹಾಕಲು ಹೇಳಿದರೆ ಫೋನಿಡಿ. ಹಣ ಹೋಗಿಯೇ ಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲೇ.

ದಾಖಲೆಗೆ ಡಿಜಿಲಾಕರ್. ರೈಲಿನಲ್ಲಿ ಆಧಾರ್, ಲೈಸೆನ್ಸ್ ಎರಡನ್ನೂ ಇದರಿಂದ ತೋರಿಸಬಹುದು. ಆದರೆ ‘ಇಶ್ಯೂಡ್ ಡಾಕ್ಯುಮೆಂಟ್ಸ್’ ಎಂಬ ವಿಭಾಗದಲ್ಲಿ ಇರುವುದು ಮಾತ್ರ ನಡೆಯುತ್ತದೆ. ನೀವೇ ಫೋಟೋ ತೆಗೆದು ಅಪ್‌ಲೋಡ್ ಮಾಡಿದ್ದಕ್ಕೆ ಬೆಲೆಯಿಲ್ಲ.

ಭಾಷೆ ಬಾರದ ಊರಿಗೆ ಗೂಗಲ್ ಟ್ರಾನ್ಸ್‌ಲೇಟ್. ಕನ್ನಡ, ತಮಿಳು, ಮರಾಠಿಗಳ ಪ್ಯಾಕನ್ನು ಮೊದಲೇ ಇಳಿಸಿಟ್ಟರೆ ಇಂಟರ್ನೆಟ್ ಇಲ್ಲದೆಯೂ ಟೈಪ್ ಮಾಡಿದ್ದು ಅನುವಾದವಾಗುತ್ತದೆ. ತಮಿಳಿನಲ್ಲಿ ಮಾತ್ರ ಬರೆದ ಬಸ್ಸಿನ ಬೋರ್ಡಿಗೆ ಕ್ಯಾಮೆರಾ ಹಿಡಿಯಿರಿ. 2024ರಲ್ಲಿ ಇದಕ್ಕೆ ತುಳುವೂ ಸೇರಿದೆ ಎಂಬುದು ನಮಗೆಲ್ಲ ಸಂತೋಷದ ಸಂಗತಿ.

ಹಣಕ್ಕೆ ಯುಪಿಐ ಲೈಟ್ ಹಾಕಿಕೊಳ್ಳಿ. 5000 ರೂಪಾಯಿವರೆಗೆ ಅದರಲ್ಲಿ ಇಟ್ಟು, ಸಲಕ್ಕೆ 1000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಬ್ಯಾಂಕಿನ ಸರ್ವರ್ ನಿಧಾನವಾದ ದಿನ ಇದು ಉಪಕಾರ. ಆದರೂ ಅದಕ್ಕೆ ಇಂಟರ್ನೆಟ್ ಬೇಕು. ಘಾಟಿಯ ಚಹಾ ಅಂಗಡಿಗೆ ಹತ್ತು, ಇಪ್ಪತ್ತು, ನೂರರ ನೋಟುಗಳೇ ಸರಿ.

ಪವರ್ ಬ್ಯಾಂಕ್ 10000 ಎಂಎಎಚ್‌ನದ್ದು ಒಂದು ಸಂಸಾರದ ಎರಡು ಫೋನಿಗೆ ಒಂದು ದಿನಕ್ಕೆ ಸಾಕು. ವಿಮಾನದಲ್ಲಿ ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರಬಾರದು. ಲೆಕ್ಕ ಹೀಗೆ: 20000 ಎಂಎಎಚ್ ಅಂದರೆ 20 ಆಂಪಿಯರ್-ಅವರ್, ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 74. ಹೋಗುತ್ತದೆ. 30000ದ್ದು 111 ಆಗುತ್ತದೆ, ಅದನ್ನು ಮನೆಯಲ್ಲೇ ಬಿಡಿ.

ಕೊನೆಗೆ ಒಂದು ಕಾಗದದ ಚೀಟಿ. ರೈಲು ಟಿಕೇಟಿನ ಪಿಎನ್‌ಆರ್ ನಂಬರ್, ಬೋಗಿ, ಬರ್ತು, ರೂಮಿನ ವಿಳಾಸ ಮತ್ತು ಫೋನ್, ಮನೆಯಲ್ಲಿ ಉಳಿದವರ ನಂಬರ್, ರೈಲ್ವೆಯ 139, ಹೆದ್ದಾರಿಯ 1033, ತುರ್ತಿಗೆ 112. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಎರಡು ಪ್ರತಿ ಮಾಡಿ. ಒಂದು ನಿಮ್ಮ ಪರ್ಸಿನಲ್ಲಿ, ಇನ್ನೊಂದು ಫೋನಿಲ್ಲದೆ ಬರುವ ಹಿರಿಯರ ಕಿಸೆಯಲ್ಲೋ ಮಕ್ಕಳ ಚೀಲದಲ್ಲೋ ಇರಲಿ.